ಮಂಗಳೂರಿನಿಂದ ಮಲ್ಪೆ: ಕಾರವಾರ ಓಟದ ಮೊದಲ ದಿನ

ಬೆಳಗ್ಗಿನ ಜಾವ 4 ಗಂಟೆ, ಲೇಡಿಹಿಲ್. ಇಲ್ಲಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ಐದು ದಿನದ ಓಟ, ಜೊತೆಗೆ ಒಂದು ವ್ಯಾನ್, ಮೂರು ಜನರ ತಂಡ. ಇವತ್ತು ಮಲ್ಪೆವರೆಗೆ, 60ರ ಆಸುಪಾಸು.

ಹೊರಡುವ ಮುಂಚೆ ಓಟಗಾರನ ತೂಕ ನೋಡಿ ಬರೆದಿಟ್ಟುಕೊಳ್ಳಿ. 70 ಕಿಲೋ ಅಂತ ಇಟ್ಟುಕೊಳ್ಳೋಣ. ಸಂಜೆ ಈ ಲೆಕ್ಕ ಬೇಕು.

ವೇಗ ಕಿಲೋಮೀಟರಿಗೆ 8 ನಿಮಿಷ, ನಡಿಗೆಯೂ ಸೇರಿ. ಕಾಲು ಹಗುರವಾಗಿರುವಾಗ ಇದು ತೀರಾ ನಿಧಾನ ಅನಿಸುತ್ತದೆ. ಅನಿಸಲಿ. ಮೊದಲ ದಿನ ಉಳಿಸಿದ ಕಾಲೇ ಮೂರನೇ ದಿನ ಓಡುವುದು. ಅದಕ್ಕೇ ಗಡಿಯಾರ ಓಟಗಾರನ ಕೈಯಲ್ಲಿ ಬೇಡ, ತಂಡದ ಕೈಯಲ್ಲಿರಲಿ.

ಕೂಳೂರು ಸೇತುವೆಯಿಂದ ಬೈಕಂಪಾಡಿವರೆಗೆ ಬಂದರಿನ ಲಾರಿ, ಟ್ಯಾಂಕರ್‌ಗಳ ದಾರಿ. ಬಸ್ಸುಗಳೂ ಸೇರಿಕೊಳ್ಳುವ ಮುಂಚೆ ದಾಟಿಬಿಡಬೇಕು. ರಿಫ್ಲೆಕ್ಟರ್ ಜಾಕೆಟ್, ತಲೆಗೆ ಟಾರ್ಚ್ ಬೇಕೇ ಬೇಕು. ಓಡುವುದು ರಸ್ತೆಯ ಬಲ ಅಂಚಿನಲ್ಲಿ, ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ. ತೊಡಕು ಶುರುವಾಗುವುದು ಇಲ್ಲೇ. ಚತುಷ್ಪಥದಲ್ಲಿ ವ್ಯಾನ್ ಡಿವೈಡರಿನ ಆಚೆ, ಓಟಗಾರ ಈಚೆ. ನೀರಿಗಾಗಿ ಅವನು ನಾಲ್ಕು ಲೇನ್ ದಾಟುವುದು ಶುದ್ಧ ಅಪಾಯ. ದಣಿದ ಕಣ್ಣಿಗೆ ಗಾಡಿಯ ವೇಗದ ಅಂದಾಜು ಸಿಗುವುದಿಲ್ಲ.

ಹಾಗಾಗಿ ಅರ್ಧ ಲೀಟರಿನ ಎರಡು ಬಾಟಲಿ ಅವನ ಮೈಮೇಲೇ ಇರಲಿ. ವ್ಯಾನ್ ಹಿಂದೆ ಹಿಂದೆ ತೆವಳುವುದು ಬೇಡ, ಮುಂದೆ ಹೋಗಿ ಜಂಕ್ಷನ್‌ಗಳಲ್ಲಿ ಕಾಯಲಿ: ಸುರತ್ಕಲ್, ಮುಕ್ಕ, ಹಳೆಯಂಗಡಿ, ಮೂಲ್ಕಿ, ಹೆಜಮಾಡಿ, ಪಡುಬಿದ್ರಿ, ಉಚ್ಚಿಲ. ಗಾಡಿ ಬಿಳಿ ಗೆರೆಯಿಂದ ಪೂರ್ತಿ ಹೊರಗೆ ನಿಲ್ಲಬೇಕು. ರಸ್ತೆ ದಾಟಿ ಬಾಟಲಿ ಕೊಡುವುದು ತಂಡದವರ ಕೆಲಸ.

ಕೊಡುವಾಗ "ಏನಾದರೂ ಬೇಕಾ ಅಣ್ಣ?" ಅಂತ ಕೇಳಬೇಡಿ. ಉತ್ತರ ಯಾವಾಗಲೂ "ಬೇಡ ಮಾರಾಯ" ಅಂತಲೇ. ಸುಮ್ಮನೆ ಕೈಗಿಡಿ. ಗಂಟೆಗೆ 500ರಿಂದ 700 ಮಿಲಿ ನೀರು, 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಒಂದು ದೊಡ್ಡ ಬಾಳೆಹಣ್ಣಿನಲ್ಲಿ ಹೆಚ್ಚುಕಮ್ಮಿ 25 ಗ್ರಾಂ ಸಿಗುತ್ತದೆ.

ಓಆರ್‌ಎಸ್ ಪ್ಯಾಕೆಟ್ ಮೇಲೆ ಬರೆದಿರುವುದನ್ನು ಓದಿ. ದೊಡ್ಡದು 1 ಲೀಟರಿಗೆ, ಸಣ್ಣದು 200 ಮಿಲಿಗೆ. ಅವಸರದಲ್ಲಿ ದೊಡ್ಡ ಪ್ಯಾಕೆಟನ್ನು ಅರ್ಧ ಲೀಟರಿನ ಬಾಟಲಿಗೆ ಸುರಿದರೆ ದ್ರಾವಣ ಗಾಢವಾಗಿ ಹೊಟ್ಟೆ ತೊಳಸುತ್ತದೆ, ಆಮೇಲೆ ಏನು ಕೊಟ್ಟರೂ ಒಳಗೆ ನಿಲ್ಲುವುದಿಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಒಂದು ಚಿಟಿಕೆ ಉಪ್ಪು ಹಾಕಿಯೇ ಕೊಡಿ.

ಮೂಲ್ಕಿಯಲ್ಲಿ ಐದು ನಿಮಿಷ ನಿಲ್ಲೋಣ. ಈ ಪಾದ ನೋಡಿ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಕಾಲಿನ ಮೇಲೆ ಇಳಿದು ಶೂ ಸೇರುತ್ತದೆ. ಚರ್ಮ ಬಿಳಿಚಿ ಮೆತ್ತಗಾಗಿದೆ, ಹೆಬ್ಬೆರಳಿನ ಪಕ್ಕ ಒಂದು ಕಡೆ ಕೆಂಪು. ಅಲ್ಲಿ ಉರಿ ಅನಿಸಿದ ತಕ್ಷಣ ನಿಲ್ಲಬೇಕು, ಗುಳ್ಳೆ ಎದ್ದ ಮೇಲಲ್ಲ. ಒರೆಸಿ, ಪೂರ್ತಿ ಒಣಗಿಸಿ, ಟೇಪ್ ಹಚ್ಚಿ. ಟೇಪಿನ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿಕೊಳ್ಳಿ, ಚೂಪು ಮೂಲೆ ಸಾಕ್ಸಿಗೆ ಸಿಕ್ಕಿ ಸುರುಳಿಯಾಗಿ ಅದೇ ಇನ್ನೊಂದು ಗುಳ್ಳೆ ಎಬ್ಬಿಸುತ್ತದೆ. ವ್ಯಾಸಲೀನ್ ಉಳಿದ ಬೆರಳುಗಳ ಸಂದಿಗೆ. ಮೊದಲೇ ಹಚ್ಚಿದರೆ ಟೇಪ್ ಹಿಡಿಯುವುದಿಲ್ಲ. ಆಮೇಲೆ ಒಣ ಸಾಕ್ಸ್. ಇನ್ನು ಮುಂದೆ ತಲೆಗೆ ನೀರು ಹಾಕುವಾಗ ಮುಂದಕ್ಕೆ ಬಾಗಿಸಿಯೇ ಹಾಕಿ. ನೆಟ್ಟಗೆ ನಿಂತರೆ ಆ ನೀರೂ ಶೂಗೇ.

ಕಾಪು ತಲುಪುವಾಗ 10 ದಾಟಿರುತ್ತದೆ. ಉಳಿದದ್ದು 15 ಕಿಲೋಮೀಟರ್ ಅಷ್ಟೆ, ಮುಗಿಸಿಬಿಡೋಣ ಅನಿಸುವ ಹೊತ್ತು. ಬೇಡ. ಶೂ ಬಿಚ್ಚಿ, ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಕಾಲು ಎತ್ತರಕ್ಕಿಟ್ಟು ನಿದ್ದೆ. ಐಸ್ ತುಂಡುಗಳನ್ನು ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತಿ ಕುತ್ತಿಗೆಗೆ. ನೋವಿದೆ ಅಂತ ಐಬುಪ್ರೊಫೆನ್ ನುಂಗಬೇಡಿ. ಮೈಯಲ್ಲಿ ನೀರು ಕಡಿಮೆ ಇರುವಾಗ ಅದು ಕಿಡ್ನಿಗೆ ಹೊರೆ.

ಬಿಸಿಲು ಬಾಗಿದ ಮೇಲೆ, 3.30ಕ್ಕೆ, ಮೊದಲ ಕಿಲೋಮೀಟರ್ ನಡಿಗೆ. ಹೈವೇ ಬಿಟ್ಟು ಮಟ್ಟು, ಪಡುಕೆರೆ ದಾರಿ ಹಿಡಿಯುತ್ತೇವೆ. ಎಡಕ್ಕೆ ಕಡಲು, ಬಲಕ್ಕೆ ಉದ್ಯಾವರ ಹೊಳೆ, ನಡುವೆ ಕಿರಿದಾದ ರಸ್ತೆ. ದಿನದಲ್ಲೇ ಚಂದದ ಹಾದಿ ಇದು.

ಮಲ್ಪೆ. ಶೂ ಬಿಚ್ಚಿ ಮತ್ತೆ ತೂಕ. 68.6 ಅಂದರೆ ಶೇಕಡಾ 2 ಇಳಿದಿದೆ, ಪರವಾಗಿಲ್ಲ. ಅದಕ್ಕಿಂತ ಕೆಳಗಿದ್ದರೆ ನಾಳೆ ನೀರು ಹೆಚ್ಚಿಸಬೇಕು. 70 ದಾಟಿದ್ದರೆ ಹೆಚ್ಚು ಎಚ್ಚರ: ಬರೀ ನೀರು ಕುಡಿದು ರಕ್ತದ ಸೋಡಿಯಂ ತೆಳುವಾಗಿರಬಹುದು. ತಲೆನೋವು, ವಾಕರಿಕೆ, ಉಂಗುರ ಬಿಗಿಯಾಗುವಷ್ಟು ಬೆರಳು ಊತ ಇದ್ದರೆ ಇನ್ನಷ್ಟು ನೀರು ಕೊಡಬೇಡಿ. ಮಾತು ತಡವರಿಸಿದರೆ ಸೀದಾ ಆಸ್ಪತ್ರೆಗೆ.

ಶೂ ಒಳಗೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ, ಒಂದು ಗಂಟೆಯ ಮೇಲೆ ಪೇಪರ್ ಬದಲಿಸಿ. ನಾಳೆ ಕುಂದಾಪುರ ದಾಟಿ ಮರವಂತೆ. ಅಲಾರಂ 3 ಗಂಟೆಗೆ.