ಹತ್ತು ಮೈಕ್ರೋವ್ಯಾಟ್ ಸಾಕು ಕಣ್ರೀ!

ಚರ್ಮದ ಕೆಳಗೆ ಸೋಲಾರ್ ಸೆಲ್ ಇಟ್ಟು ಪೇಸ್‌ಮೇಕರ್, ಅಂದ್ರೆ ಹಾರ್ಟ್ ಬಡಿತ ಸರಿಯಾಗಿಡೋ ಪುಟ್ಟ ಯಂತ್ರ, ಓಡಿಸೋ ಬಗ್ಗೆ ಹೋದ್ಸಲ ಹೇಳಿದ್ನಲ್ಲ, ಅದಕ್ಕೊಬ್ರು ಮಹಾನುಭಾವರು ಕಾಮೆಂಟ್ ಹಾಕಿದಾರೆ, "ಹಂಗಾದ್ರೆ ಅಮಾವಾಸ್ಯೆ ದಿನ ಹಾರ್ಟಿಗೆ ರಜಾನಾ ಗುರು?" ಅಂತ. ಸ್ವಾಮಿ, ಅಮಾವಾಸ್ಯೆ ಚಂದ್ರನ ಡಿಪಾರ್ಟ್‌ಮೆಂಟು! ಅದಕ್ಕೆ ಬಂದಿರೋ ಲೈಕು ನನ್ ಇಡೀ ವಿಡಿಯೋಗೇ ಬಂದಿಲ್ಲ, ಅದು ಬೇರೆ ಹೊಟ್ಟೆಉರಿ.

ಪೇಸ್‌ಮೇಕರ್‌ಗೆ ಬೇಕಾಗೋದು ಸುಮಾರು 5ರಿಂದ 10 ಮೈಕ್ರೋವ್ಯಾಟ್, ಅಂದ್ರೆ ಒಂದು ವ್ಯಾಟನ್ನ ಹತ್ತು ಲಕ್ಷ ಪಾಲು ಮಾಡಿದ್ರೆ ಅದ್ರಲ್ಲಿ ಐದರಿಂದ ಹತ್ತು ಪಾಲು, ಅಷ್ಟೇ. ನಿಮ್ಮನೆ ಸ್ವಿಚ್‌ಬೋರ್ಡಲ್ಲಿ ಕೆಂಪಗೆ ಉರಿಯೋ ಇಂಡಿಕೇಟರ್ ತಿನ್ನೋ ಕರೆಂಟಲ್ಲಿ ಸಾವಿರಾರು ಪೇಸ್‌ಮೇಕರ್ ಓಡ್ತವೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಬೆರ್‌ಯೂಟರ್, ಹೇಬರ್ಲಿನ್ ಅನ್ನೋ ಸಂಶೋಧಕರ ತಂಡ 32 ಜನರ ತೋಳಿಗೆ ಸೆಲ್ ಕಟ್ಟಿ, ಮೇಲೆ ಚರ್ಮದಷ್ಟೇ ಬೆಳಕು ತಡೆಯೋ ಫಿಲ್ಟರ್ ಹಾಕಿ, ಮಾಮೂಲಿ ಕೆಲ್ಸ ಮಾಡ್ಕೊಂಡಿರಿ ಅಂತ ಬಿಟ್ರು, ಬೇಸಿಗೇಲೂ ಚಳಿಗಾಲದಲ್ಲೂ. ಲೆಕ್ಕ 3.6 ಚದರ ಸೆಂಟಿಮೀಟರ್ ಸೆಲ್‌ಗೆ. 2017ರಲ್ಲಿ ರಿಸಲ್ಟ್ ಬಂತು, ಎಲ್ರಿಗಿಂತ ಕಮ್ಮಿ ಬಂದೋರ ಆವರೇಜೇ 12 ಮೈಕ್ರೋವ್ಯಾಟ್! ಬೇಕಿದ್ದು ಎಷ್ಟು? ಹತ್ತು! ಸ್ವಿಸ್ ಚಳೀಲಿ ಆಗಿದ್ದು ರಾಯಚೂರು ಬಿಸಿಲಲ್ಲಿ ಆಗಲ್ವಾ?

ರಾತ್ರಿಗೆ? ಹಗಲು ಬಂದಿದ್ದನ್ನ ಪುಟ್ಟ ಬ್ಯಾಟರಿ ತುಂಬಿಟ್ಕೊಳತ್ತೆ, ಮುಗೀತು.

"ಈಗಿರೋ ಬ್ಯಾಟರಿಗೆ ಏನಾಗಿದೆ?" ಅಂತ ಇನ್ನೊಬ್ರು. ಏನೂ ಆಗಿಲ್ಲ, 1972ರಿಂದ ಲಿಥಿಯಂ ಅಯೋಡೈಡ್ ಚೆನ್ನಾಗೇ ಕೆಲ್ಸ ಮಾಡ್ತಿದೆ, ಆದ್ರೆ ಹತ್ತು ವರ್ಷ ಆಗ್ತಿದ್ದಂಗೆ ಮತ್ತೆ ಕುಯ್ದು ಡಬ್ಬಿ ಬದಲಾಯಿಸ್ಬೇಕಲ್ಲ. 1958ರಲ್ಲಿ ಸ್ವೀಡನ್ನಿನ ಅರ್ನೆ ಲಾರ್ಸನ್‌ಗೆ ಮೈಯೊಳಗೆ ಹಾಕಿದ ಮೊಟ್ಟಮೊದಲ ಪೇಸ್‌ಮೇಕರ್ ಕೆಲವೇ ಗಂಟೆ ನಡೀತು, ಆಮೇಲೆ ಆ ಮನುಷ್ಯ ಜೀವಮಾನದಲ್ಲಿ ಒಟ್ಟು 26 ಹಾಕಿಸ್ಕೊಂಡ್ರು. ಇಪ್ಪತ್ತಾರು! ಬರೀ ಹತ್ತು ಮೈಕ್ರೋವ್ಯಾಟ್ ಕೆಲ್ಸಕ್ಕೆ ಎಷ್ಟ್ ಸಲ ಆಪರೇಷನ್ ಥಿಯೇಟರ್‌ಗೆ ಹೋಗ್ತೀರಾ?

ನಮ್ದು ಕಪ್ಪು ಚರ್ಮ, ಬೆಳಕು ಒಳಗೆ ಹೋಗಲ್ಲ ಅಂತೀರಾ? ಚರ್ಮ ದಾಟಿ ಸೆಲ್‌ಗೆ ಸಿಗೋದು ಹೆಚ್ಚಾಗಿ ನಿಯರ್ ಇನ್‌ಫ್ರಾರೆಡ್, ಕಣ್ಣಿಗೆ ಕಾಣದ ಬೆಳಕು, ಅದನ್ನ ಚರ್ಮಕ್ಕೆ ಕಪ್ಪು ಬಣ್ಣ ಕೊಡೋ ಮೆಲನಿನ್ ಅಷ್ಟಾಗಿ ನುಂಗಲ್ಲ, ಸ್ವಲ್ಪ ಕಮ್ಮಿ ಬಂದ್ರೆ ಸೆಲ್ ಸ್ವಲ್ಪ ದೊಡ್ಡದು ಮಾಡಿ, ಅದ್ಕೇನು. ಶರ್ಟ್ ಹಾಕ್ಕೊಂಡ್ರೆ? ಕತ್ತಿನ ಹತ್ರ ಇಡಿ. ಮನೆ ಬಿಟ್ಟು ಹೊರಗೇ ಬರದ ಅಜ್ಜಿ? ಅಜ್ಜೀನ ಜಗಲಿ ಮೇಲೆ ಕೂರ್ಸಿ, ಡಿ ವಿಟಮಿನ್ನೂ ಸಿಗತ್ತೆ! ಮನುಷ್ಯರ ಮೈಯೊಳಗೆ ಇನ್ನೂ ಇಟ್ಟಿಲ್ವಲ್ಲ ಅಂತೀರಾ, ಇಡ್ತಾರೆ ಇರ್ರೀ, ಏನ್ ಅವಸರ, ಹತ್ತೇ ಹತ್ತು ಮೈಕ್ರೋವ್ಯಾಟ್!

ಮುಂದಿನ ವಿಡಿಯೋ ಪ್ರೀಮಾ ಬಗ್ಗೆ, ಕಣ್ಣಿನ ರೆಟಿನಾ ಕೆಳಗಿಡೋ 2 ಮಿಲಿಮೀಟರ್ ಎಲೆಕ್ಟ್ರಾನಿಕ್ ಚಿಪ್, ಕನ್ನಡಕದಿಂದ ಬರೋ ಇನ್‌ಫ್ರಾರೆಡ್ ಬೆಳಕೇ ಅದಕ್ಕೆ ಕರೆಂಟು, ವೈರೂ ಇಲ್ಲ ಬ್ಯಾಟರೀನೂ ಇಲ್ಲ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಅಮಾವಾಸ್ಯೆ ಗುರುಗಳೇ ನೀವೂ ಒತ್ತಿ.