ಟಿಕ್ ಹಾಕಿದರೆ ಓದಿದ ಹಾಗಲ್ಲ

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವವರ ಹೆಸರು ಹೇಳ್ತಾ ಹೋದರೆ ನನಗೆ ಕೊಟ್ಟಿರೋ ಸಮಯ ಅದಕ್ಕೇ ಮುಗಿಯುತ್ತೆ, ಹಿರಿಯರು ಕ್ಷಮಿಸಬೇಕು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಅಧ್ಯಾಪಕರು ಇಲ್ಲಿದ್ದೀರಿ. ಒಂದು ಮಾತು ಕೇಳ್ತೀನಿ: ಹೋದ ಸೆಮಿಸ್ಟರಿನಲ್ಲಿ ಮಕ್ಕಳು ಬರೆದುಕೊಟ್ಟ ಅಸೈನ್‌ಮೆಂಟುಗಳು ಈಗ ಎಲ್ಲಿವೆ?

ಬೀರುವಿನಲ್ಲಿವೆ. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನವರು ಬಂದರೆ ತೋರಿಸಬೇಕಲ್ಲ, ಅದಕ್ಕೇ ದಾರ ಕಟ್ಟಿ ಇಟ್ಟಿದ್ದೀರಿ. ಬರೆದವರ ಕೈಗೆ ಮಾತ್ರ ಸಿಗೋದಿಲ್ಲ.

ಒಂದು ಕಾಲೇಜು, ಹೆಸರು ಬೇಡ. ಅಲ್ಲಿ ಬಿ.ಎ. ಓದಿದ ಹುಡುಗನೊಬ್ಬ ಹೇಳಿದ್ದು ಇದು. ಸಂಜೆ ಗೆಳೆಯರ ಜೊತೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಹೋಗಿದ್ದಾನೆ. ಈ ಊರಿನಲ್ಲಿ ಅದನ್ನ ವರ್ಣಿಸೋ ಅಗತ್ಯ ಇಲ್ಲ, ಊಟದ ಹೊತ್ತೂ ಹತ್ತಿರ ಬಂದಿದೆ, ಬಿಡಿ. ಅಂಗಡಿಯವನು ಮಿರ್ಚಿ ಹಾಕಿಕೊಟ್ಟ ಕಾಗದ ನೋಡ್ತಾನೆ, ತನ್ನದೇ ಅಕ್ಷರ! ಕಾಲೇಜಿನವರು ಹಳೇ ಬಂಡಲ್ಲನ್ನ ರದ್ದಿಗೆ ಹಾಕಿದ್ದಾರೆ. ಗೆಳೆಯರು ಬಿದ್ದು ಬಿದ್ದು ನಕ್ಕರಂತೆ. ಇವನು ಮಿರ್ಚಿಯನ್ನ ಪಕ್ಕದವನ ಕೈಗೆ ಕೊಟ್ಟು, ಜಿಡ್ಡು ಒರೆಸಿ, ಕಾಗದದ ಎರಡೂ ಮಗ್ಗುಲು ತಿರುಗಿಸಿ ನೋಡಿದನಂತೆ. "ಮೇಷ್ಟ್ರು ಏನಾದ್ರೂ ಬರೆದಿದ್ದಾರಾ ಅಂತ ನೋಡಿದೆ ಸರ್" ಅಂದ. ಒಂದು ಕೆಂಪು ಟಿಕ್ ಇತ್ತು, ಅಷ್ಟೇ. ಅದು ಬಿದ್ದಿದ್ದ ಸಾಲು ಯಾವುದು ಗೊತ್ತಾ? "ದಾವಣಗೆರೆ ಜಿಲ್ಲೆ ಆದದ್ದು 1987ರಲ್ಲಿ". ಆದದ್ದು 1997ರಲ್ಲಿ ಸ್ವಾಮಿ! ಸರ್ಕಾರಿ ಕೆಲಸದ ಎಫ್‌ಡಿಎ ಪರೀಕ್ಷೆಗೆ ಓದೋವರೆಗೂ ಅವನಿಗೆ ಅದು ತಪ್ಪು ಅಂತಲೇ ಗೊತ್ತಿರಲಿಲ್ಲ. ಮೇಷ್ಟ್ರ ಟಿಕ್ ಬಿದ್ದ ಮೇಲೆ ಯಾಕೆ ಅನುಮಾನ ಬರುತ್ತೆ?

2009ರಲ್ಲಿ ನಮ್ಮ ದಾವಣಗೆರೆ ವಿಶ್ವವಿದ್ಯಾನಿಲಯ ಆದಾಗ, ಇನ್ನು ಕುವೆಂಪು ವಿಶ್ವವಿದ್ಯಾನಿಲಯ ಇರೋ ಶಂಕರಘಟ್ಟಕ್ಕೆ ಅಲೆಯೋದು ತಪ್ಪಿತು ಅಂತ ಖುಷಿಪಟ್ಟೆವು. ಶಂಕರಘಟ್ಟದಲ್ಲಿ ಆಗುತ್ತಿದ್ದ ಕೆಲಸ ನಮ್ಮ ಕ್ಯಾಂಪಸ್ ಇರೋ ತೋಳಹುಣಸೆಗೆ ಬಂತು. 2021ರಲ್ಲಿ ಎನ್‌ಇಪಿ, ಅಂದರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಸಿಲಬಸ್ ಬದಲಾಯಿತು, ಯುಯುಸಿಎಂಎಸ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ಅಂಕ ತುಂಬೋದು ಕಲಿತೆವು. ಇಷ್ಟೆಲ್ಲ ಆದರೂ ತಿದ್ದಿದ ಅಸೈನ್‌ಮೆಂಟ್ ಹಾಳೆ ಬರೆದವನ ಹತ್ತಿರ ವಾಪಸ್ ಹೋಗಲಿಲ್ಲ. ನನ್ನ ತಕರಾರು ಇದೊಂದೇ: ಟಿಪ್ಪಣಿ ಬರೀರಿ, ಅದು ಮುಂದಿನ ಪರೀಕ್ಷೆಗೆ ಮುಂಚೆ ಹುಡುಗನ ಕೈ ಸೇರಲಿ. ಅಂಕ ಆಮೇಲೆ ಹೇಳಿ.

ಅಂಕ ಯಾಕೆ ಆಮೇಲೆ? 1988ರಲ್ಲಿ ರೂತ್ ಬಟ್ಲರ್ ಅನ್ನೋ ಸಂಶೋಧಕಿ ಇಸ್ರೇಲಿನಲ್ಲಿ 5 ಮತ್ತು 6ನೇ ತರಗತಿಯ 132 ಮಕ್ಕಳ ಮೇಲೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ. ಬರೀ ಟಿಪ್ಪಣಿ ಸಿಕ್ಕವರು ಮುಂದಿನ ಕೆಲಸ ಚೆನ್ನಾಗಿ ಮಾಡಿದರು, ಆಸಕ್ತಿಯೂ ಉಳಿಯಿತು. ಎರಡೂ ಸಿಕ್ಕವರು ಬರೀ ಅಂಕ ಸಿಕ್ಕವರ ಹಾಗೇ ಉಳಿದರು. ಅವು ಚಿಕ್ಕ ಮಕ್ಕಳು, ನಮ್ಮವರು ಎಂ.ಎ. ಅಂತೀರಾ? ಆಂತರಿಕ ಪರೀಕ್ಷೆಯ ಉತ್ತರ ಬರೆಯೋ ಬ್ಲೂ ಬುಕ್ ತಿದ್ದಿ ಹಂಚುವಾಗ ನೋಡಿ. ಮೊದಲು ತನ್ನ ಅಂಕ, ಆಮೇಲೆ ಪಕ್ಕದವನ ಅಂಕ, ಆಮೇಲೆ ಬ್ಯಾಗಿನ ಒಳಗೆ.

ಹಾಗಂತ ಏನು ಬರೆದರೂ ನಡೆಯುತ್ತೆ ಅಂತಲ್ಲ. 1996ರಲ್ಲಿ ಕ್ಲೂಗರ್, ಡೆನಿಸಿ ಅನ್ನೋ ಇಬ್ಬರು ಸಂಶೋಧಕರು ಹಳೆಯ ಅಧ್ಯಯನಗಳಿಂದ 607 ಫಲಿತಾಂಶ ಒಟ್ಟು ಹಾಕಿ ನೋಡಿದರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು! "ಗುಡ್", "ವಿಸ್ತರಿಸಿ ಬರೆಯಿರಿ", "ಅಕ್ಷರ ಸುಧಾರಿಸಲಿ" ಅಂದರೆ ಯಾರು ಏನು ಮಾಡಬೇಕು?

ಒಬ್ಬ ಹುಡುಗಿ ಬರೆದಿದ್ದಳು: "ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದವು. ಜನ ಕೆಲಸ ಕಳೆದುಕೊಂಡರು. ಆದ್ದರಿಂದ ಮಂಡಕ್ಕಿ ಭಟ್ಟಿಗಳು ಹೆಚ್ಚಾದವು." ಪಕ್ಕದಲ್ಲಿ ನಾನು ಬರೆದದ್ದು: "'ಆದ್ದರಿಂದ' ಅಂದಿದ್ದೀಯಮ್ಮ. ಗಿರಣಿ ಬಿಟ್ಟವರೇ ಭಟ್ಟಿಗೆ ಹೋದರು ಅಂತ ಹೇಗೆ ಗೊತ್ತಾಯಿತು? ಒಬ್ಬರನ್ನಾದರೂ ಮಾತಾಡಿಸಿ ಬಂದು ಈ ಪ್ಯಾರಾ ಮತ್ತೆ ಬರಿ." ಅವಳು ತನ್ನ ಅಜ್ಜನನ್ನೇ ಕೇಳಿದಳು. ಅಜ್ಜ ಗಿರಣಿ ಬಿಟ್ಟು ತರಕಾರಿ ಗಾಡಿ ಇಟ್ಟವರು, ಭಟ್ಟಿ ಕಡೆ ತಲೆಯೇ ಹಾಕಿರಲಿಲ್ಲ! "ಆದ್ದರಿಂದ" ಹೋಯಿತು, ಒಂದು ಪ್ಯಾರಾ ಎರಡು ಪುಟ ಆಯಿತು.

ಹಿಂದಿನ ಸಾಲಿನಲ್ಲಿ ಗುಸುಗುಸು ಕೇಳ್ತಿದೆ. ಒಂದು ಸೆಕ್ಷನ್ನಿಗೆ 80 ಜನ, ಹೇಗೆ ಸಾಧ್ಯ ಅಂತ. ಒಬ್ಬರಿಗೆ ಮೂರು ನಿಮಿಷ ಅಂದರೆ ನಾಲ್ಕು ಗಂಟೆ. ಎರಡು ಕಾಲೇಜಿಗೆ ಬಸ್ಸಿನಲ್ಲಿ ಓಡಾಡೋ ಅತಿಥಿ ಉಪನ್ಯಾಸಕರಿಗೆ ಆ ನಾಲ್ಕು ಗಂಟೆ ಎಲ್ಲಿಂದ ಬರಬೇಕು? ಅದನ್ನ ಕಾರ್ಯಭಾರದಲ್ಲಿ ಲೆಕ್ಕ ಹಿಡಿದು ದುಡ್ಡು ಕೊಡಬೇಕು, ನಾನು ಅವರ ಪರವೇ. ಅಲ್ಲಿಯವರೆಗೆ ನಾಲ್ಕು ಅಸೈನ್‌ಮೆಂಟ್ ಬರೆಸೋ ಕಡೆ ಒಂದೇ ಬರೆಸಿ, ಅದನ್ನೇ ಎರಡು ಸಲ ಬರೆಸಿ.

ಚೀಟಿ ಬಂತು, ಐದು ನಿಮಿಷ ಅಂತೆ. ಭಾಷೆ ವಿಷಯ ಹೇಳಬೇಕಿತ್ತು. ಜಗಳೂರು, ಮೊಳಕಾಲ್ಮೂರು ಕಡೆಯಿಂದ ಕನ್ನಡದಲ್ಲಿ ಓದಿ ಬಂದ ಹುಡುಗ ಎಂ.ಕಾಂ.ನಲ್ಲಿ ಬಾಯಿ ಬಿಡೋದಿಲ್ಲ. ಅವನ ಮೊದಲ ಕರಡು ಕನ್ನಡದಲ್ಲೇ ಇರಲಿ, ಇಂಗ್ಲಿಷ್ ಆಮೇಲೆ ಮಾಡಿಸಿ. ಗ್ರಂಥಾಲಯದಲ್ಲಿ ವಾರಕ್ಕೊಂದು ಸಂಜೆ ಬರವಣಿಗೆಗೆ ಅಂತಲೇ ಒಬ್ಬರು ಕೂತರೂ ಸಾಕು. ಹುಡುಗರು ಒಬ್ಬರದನ್ನೊಬ್ಬರು ಓದಿ ತಿದ್ದೋದು... ಅದು ಇನ್ನೊಂದು ಸಲ.

ಪ್ರಾಂಶುಪಾಲರು ಮುಂದಿನ ಸಾಲಿನಲ್ಲೇ ಇದ್ದೀರಿ. ಕ್ಯಾಲೆಂಡರ್ ಆಫ್ ಈವೆಂಟ್ಸ್‌ನಲ್ಲಿ ಐಎ, ಅಂದರೆ ಆಂತರಿಕ ಪರೀಕ್ಷೆಯ ದಿನಾಂಕ ಇರುತ್ತೆ, ಅಂಕ ಅಪ್‌ಲೋಡ್ ಮಾಡೋ ಕೊನೇ ದಿನ ಇರುತ್ತೆ. ತಿದ್ದಿದ್ದನ್ನ ವಾಪಸ್ ಕೊಡೋ ದಿನ ಅಂತ ಒಂದು ಸಾಲು ಸೇರಿಸಿ. ಅದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ. ಪ್ರಶ್ನೆ ಇದ್ದವರು ಊಟದ ಸಾಲಿನಲ್ಲಿ ಸಿಗಿ, ನಾನು ಅಲ್ಲೇ ಇರ್ತೀನಿ.