ಮಳೆಗೆ ಅಂಜುತ್ತೇವೆ, ಗುಡುಗಿಗಲ್ಲ

(ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಒಂದು ಊರಿನ ಪಂಚಾಯಿತಿ ಸಭಾಂಗಣದಲ್ಲಿ, ಏಪ್ರಿಲ್ ತಿಂಗಳಲ್ಲಿ ಮಾಡಿದ ಉಪನ್ಯಾಸ)

ಹಿರಿಯರೇ, ಅಕ್ಕ-ತಂಗಿಯರೇ, ಹಿಂದೆ ಬಾಗಿಲ ಹತ್ತಿರ ನಿಂತಿರುವ ಹುಡುಗರೇ, ಎಲ್ಲರಿಗೂ ಶರಣು.

ನನ್ನನ್ನು ಕರೆಯಲು ಬಂದವರು, "ಸರ, ಬ್ಯಾಸಿಗಿ ಬಗ್ಗೆ ಒಂದ್ನಾಕ ಮಾತ ಹೇಳ್ರಿ" ಎಂದರು. ವಿಜಯಪುರದವರಿಗೆ ಬಿಸಿಲಿನ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಬಿಸಿಲಿನ ಮಾತು ಕೊನೆಗೆ ಸ್ವಲ್ಪ ಇದೆ. ಆದರೆ ನಾನು ಬಂದಿರುವುದು ಮಧ್ಯಾಹ್ನ ಮೂರರ ಮೇಲಿನ ಆಕಾಶದ ಬಗ್ಗೆ ಮಾತಾಡಲು.

ನಮ್ಮ ಕಡೆ ಮಳೆ ಎಂದರೆ ಹಬ್ಬ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎನ್ನುತ್ತೇವೆ. ರೋಹಿಣಿ ಬರುವುದು ಮೇ ಕೊನೆಗೆ. ಅದಕ್ಕೂ ಮೊದಲು ಅಶ್ವಿನಿ, ಭರಣಿ, ಕೃತ್ತಿಕಾ ಇವೆ. ಏಪ್ರಿಲ್ ನಡುವಿನಿಂದ ಹಿಡಿದು ಈ ಮಳೆಗಳು ಸುಮ್ನೆ ಬರುವುದಿಲ್ಲ. ಗಾಳಿ, ಗುಡುಗು, ಆಲಿಕಲ್ಲು, ಸಿಡಿಲು ಎಲ್ಲವನ್ನೂ ಕಟ್ಟಿಕೊಂಡು ಬರುತ್ತವೆ. ಜುಲೈ ತಿಂಗಳ ಜಿಟಿಜಿಟಿ ಮಳೆಗೆ ಈ ಆರ್ಭಟ ಇರುವುದಿಲ್ಲ, ಅಲ್ವಾ?

ಯಾಕೆ ಹೀಗೆ? ಬೆಳಗಿನಿಂದ ಯರಿ ಹೊಲ ಹಂಚಿನ ಹಾಗೆ ಕಾಯುತ್ತದೆ. ಅದರ ಮೇಲಿನ ಗಾಳಿ ಕಾದು ಮೇಲಕ್ಕೆ ಏರುತ್ತದೆ. ಸಮುದ್ರದ ಕಡೆಯಿಂದ ಸ್ವಲ್ಪ ತೇವ ಬಂದಿದ್ದರೆ ಸಾಕು, ಆ ಗಾಳಿ ಮೋಡವಾಗಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ, ಅಂದರೆ ಎವರೆಸ್ಟ್‌ಗಿಂತಲೂ ಮೇಲೆ, ಬೆಳೆದು ನಿಲ್ಲುತ್ತದೆ. ಕೆಳಗೆ ನಾವು ಬೆವರುತ್ತಿರುತ್ತೇವೆ, ಮೇಲೆ ಮಂಜುಗಡ್ಡೆ ಇರುತ್ತದೆ. ಅಲ್ಲಿ ಹಿಮದ ಹರಳುಗಳು, ಆಲಿಕಲ್ಲಿನ ಮರಿಗಳು ಒಂದಕ್ಕೊಂದು ತಿಕ್ಕಾಡಿ ವಿದ್ಯುತ್ ಕೂಡಿಕೊಳ್ಳುತ್ತದೆ. ಒಣ ತಲೆ ಬಾಚಿದ ಹಣಿಗೆ ಕಾಗದದ ಚೂರನ್ನು ಎಳೆಯುತ್ತದಲ್ಲ, ಅದರದೇ ದೊಡ್ಡಣ್ಣ ಇದು. ಆ ವಿದ್ಯುತ್ ನೆಲಕ್ಕೆ ಹಾರುವ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿಗೆ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ. ಗಾಳಿ ಅಷ್ಟು ಬೇಗ ಹಿಗ್ಗುವಾಗ ಬರುವ ಸದ್ದೇ ಗುಡುಗು.

ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡೂವರೆ ಸಾವಿರಕ್ಕಿಂತ ಜಾಸ್ತಿ ಜನ ಸಾಯುತ್ತಾರೆ. ಹೊಲದಲ್ಲಿ ದುಡಿಯುವವರು, ಕುರಿ ಕಾಯುವವರೇ ಇದರಲ್ಲಿ ಹೆಚ್ಚು. ಸುದ್ದಿ ಓದಿದಾಗಲೆಲ್ಲ ಒಂದೇ ಸಾಲು ಕಾಣುತ್ತದೆ: ಮಳೆ ಬಂತೆಂದು ಮರದ ಕೆಳಗೆ ನಿಂತಿದ್ದರು. ಹನಿ ಬಿದ್ದ ಕೂಡಲೇ ಓಡುತ್ತೇವೆ. ಗುಡುಗು ಕೇಳಿದರೆ ತಲೆ ಎತ್ತಿ ನೋಡಿ, "ದೂರ ಐತಿ ಬಿಡು" ಎನ್ನುತ್ತೇವೆ. ತೋಯ್ದರೆ ಒಣಗಿಸಿಕೊಳ್ಳಬಹುದು.

ನನ್ನದೇ ಒಂದು ಕಥೆ ಹೇಳುತ್ತೇನೆ. ಆಗ ನಾನು ಎಂಟನೇ ಇಯತ್ತೆ. ಸೂಟಿಯಲ್ಲಿ ಕಾಕಾನ ಜೊತೆ ದನ ಕಾಯಲು ಹೋಗಿದ್ದೆ. ನಾಲ್ಕು ಗಂಟೆ ಸುಮಾರಿಗೆ ಪಡುವಣ ಕಡೆ ಕಪ್ಪಾಯಿತು. ಬದುವಿನ ಮೇಲೆ ಒಂದೇ ಒಂದು ದೊಡ್ಡ ಬೇವಿನ ಮರ. ಎರಡು ಆಡನ್ನು ಬುಡಕ್ಕೆ ಕಟ್ಟಿ, ನಾವೂ ಅಲ್ಲೇ ಗೋಣಿಚೀಲ ಹೊದ್ದು ನಿಂತೆವು. ಅಷ್ಟರಲ್ಲಿ ನಮ್ಮ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅದಕ್ಕೆ ಗುಡುಗೆಂದರೆ ಮೊದಲಿನಿಂದಲೂ ಹೆದರಿಕೆ. ಕಾಕಾ ಅದರ ವಂಶವನ್ನೆಲ್ಲ ಬೈಯುತ್ತಾ ಮಳೆಯಲ್ಲೇ ಬೆನ್ನು ಹತ್ತಿದ, ಅವನ ಹಿಂದೆ ನಾನು. ಒಂದು ಹೊಲ ದಾಟಿದ್ದೆವೋ ಇಲ್ಲವೋ, ಹಿಂದೆ ಕಣ್ಣು ಕುಕ್ಕುವ ಬೆಳಕು. ಸದ್ದು ಕಿವಿಗಲ್ಲ, ಎದೆಗೇ ಬಡಿಯಿತು. ಹೋಗಿ ನೋಡಿದರೆ ಮರದ ತೊಗಟೆ ಮೇಲಿನಿಂದ ಕೆಳಗಿನವರೆಗೆ ಕಬ್ಬಿನ ಸಿಪ್ಪೆ ಸುಲಿದಂತೆ ಸುಲಿದಿತ್ತು. ಆಡು ಎರಡೂ ಸತ್ತಿದ್ದವು. ಆ ಎಮ್ಮೆಯನ್ನು ಕಾಕಾ ಸಾಯುವವರೆಗೂ ಮಾರಲಿಲ್ಲ.

ತೊಗಟೆ ಯಾಕೆ ಸುಲಿಯಿತು ಎಂಬುದು ನನಗೆ ಕಾಲೇಜಿಗೆ ಹೋದ ಮೇಲೆ ತಿಳಿಯಿತು. ಮರದೊಳಗಿನ ರಸ ಒಂದೇ ಕ್ಷಣದಲ್ಲಿ ಆವಿಯಾಗಿ ಸಿಡಿಯುತ್ತದೆ. ಆಡು ಸತ್ತಿದ್ದಕ್ಕೆ ಎರಡು ದಾರಿ ಇರಬಹುದು. ಮರಕ್ಕಿಂತ ಜೀವಿಯ ಮೈಯಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಹಾಗಾಗಿ ಬುಡದಲ್ಲಿ ನಿಂತವರ ಮೈಗೆ ಅದು ಪಕ್ಕಕ್ಕೆ ಜಿಗಿಯುತ್ತದೆ. ಇಲ್ಲವೇ ನೆಲಕ್ಕೆ ಇಳಿದು ಸುತ್ತ ಹರಡುತ್ತದೆ. ಹರಡುವಾಗ ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ದನ-ಕುರಿಗಳ ಮುಂಗಾಲು ಹಿಂಗಾಲು ದೂರ ದೂರ, ನಡುವೆ ಗುಂಡಿಗೆ. ಒಂದೇ ಸಿಡಿಲಿಗೆ ಇಡೀ ಹಿಂಡು ಮಲಗುವುದು ಇದಕ್ಕೇ.

ಹಾಗಾದರೆ ಯಾವಾಗ ಹೊರಡಬೇಕು? ಗೋಳಗುಮ್ಮಟದಲ್ಲಿ ನೀವೆಲ್ಲ ಚಪ್ಪಾಳೆ ಹೊಡೆದು ನೋಡಿದ್ದೀರಿ. ಸದ್ದು ಹೋಗಿ ಗೋಡೆಗೆ ತಾಗಿ ಮರಳಿ ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಬೆಳಕಿಗೆ ಆ ತಡ ಇಲ್ಲ. ಮಿಂಚು ಕಂಡ ಕೂಡಲೇ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸಲು ಶುರು ಮಾಡಿ. ಒಂದೊಂದಕ್ಕೂ ಹೆಚ್ಚುಕಡಿಮೆ ಒಂದು ಸೆಕೆಂಡ್. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತರ ಒಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಮುಂದಿನದು ನಿಮ್ಮ ಹೊಲಕ್ಕೇ ಬೀಳಬಹುದು. ಎಣಿಸುವ ತಾಳ್ಮೆ ಇಲ್ಲವೇ? ಗುಡುಗು ಕಿವಿಗೆ ಬಿದ್ದರೆ ಹೊರಡಿ, ಅಷ್ಟೇ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಒಳಗೇ ಇರಿ. ಮಳೆ ನಿಂತಿತೆಂದು ಹತ್ತು ನಿಮಿಷಕ್ಕೆ ಹೊರಗೆ ಬಂದು ಸತ್ತವರಿದ್ದಾರೆ.

ಒಳಗೆ ಅಂದರೆ ಎಲ್ಲಿ? ಇದೇ ಕಷ್ಟದ ಪ್ರಶ್ನೆ. ಡೋಣಿ ನದಿ ಕಡೆಯ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಮನೆಯೇ ಇಲ್ಲ. ತಾರಸಿ ಮನೆ, ಶಾಲೆ ಕಟ್ಟಡ, ಗಾಜು ಏರಿಸಿದ ಕಾರು ಇವು ಒಳ್ಳೆಯ ಜಾಗ. ಕಾರಿನಲ್ಲಿ ಕಾಯುವುದು ಟೈರಲ್ಲ, ಸುತ್ತಲಿನ ಲೋಹದ ಮೈ. ಅದಕ್ಕೇ ಟ್ರ್ಯಾಕ್ಟರ್, ಬೈಕ್ ಲೆಕ್ಕಕ್ಕಿಲ್ಲ. ರಬ್ಬರ್ ಚಪ್ಪಲಿಯೂ ಅಷ್ಟೇ. ಮೋಡದಿಂದ ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿ ಬಂದದ್ದು ಅರ್ಧ ಇಂಚು ರಬ್ಬರಿಗೆ ನಿಲ್ಲುತ್ತದೆಯೇ? ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎಂಬುದು ಸುಳ್ಳು. ಆದರೆ ಚಾರ್ಜಿಗೆ ಹಾಕಿಕೊಂಡು ಮಾತಾಡಬೇಡಿ, ತಂತಿಯಲ್ಲಿ ವಿದ್ಯುತ್ ಬರಬಹುದು. ನಲ್ಲಿ, ಬೋರಿನ ಸ್ಟಾರ್ಟರ್ ಪೆಟ್ಟಿಗೆ ಕೂಡ ಮುಟ್ಟಬೇಡಿ.

ಎಲ್ಲೂ ಹೋಗಲಾಗದಿದ್ದರೆ ಮರ, ಕಂಬ, ತಂತಿಬೇಲಿ, ಬಾವಿದಂಡೆ ಬಿಟ್ಟು ತಗ್ಗಿನ ಜಾಗಕ್ಕೆ ಹೋಗಿ. ಅಲ್ಲಿ ನೀರು ನಿಂತಿರಬಾರದು. ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತು ಕಿವಿ ಮುಚ್ಚಿಕೊಳ್ಳಿ. ಮಲಗಬೇಡಿ. ನಾಲ್ಕು ಜನ ಇದ್ದರೆ ದೂರ ದೂರ ಕೂತುಕೊಳ್ಳಿ. ಇದು ಕೈಲಾಗದ ಹೊತ್ತಿನ ಉಪಾಯ, ಭದ್ರತೆಯಲ್ಲ. ನಮ್ಮಜ್ಜಿ ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳಿಸುತ್ತಿದ್ದಳು. ಹೇಳಿ, ನನ್ನ ತಕರಾರಿಲ್ಲ. ಅಜ್ಜಿ ಹೇಳಿಸುತ್ತಿದ್ದುದು ಪಡಸಾಲೆಯ ಒಳಗೆ ಕೂರಿಸಿಕೊಂಡು ಎಂಬುದನ್ನು ಮರೆಯಬೇಡಿ.

ಇನ್ನು ದ್ರಾಕ್ಷಿ ಬೆಳೆಗಾರರಿಗೆ ಒಂದು ಮಾತು, ಸ್ವಲ್ಪ ಖಾರ ಎನಿಸಿದರೆ ಕ್ಷಮೆ ಇರಲಿ. ನಮ್ಮ ದ್ರಾಕ್ಷಿ ತೋಟ ಅಂದರೆ ಕಬ್ಬಿಣದ ಆ್ಯಂಗಲ್ ಮೇಲೆ ಹರಡಿದ ತಂತಿಯ ಬಲೆ. ಒಂದು ಮೂಲೆಗೆ ಸಿಡಿಲು ಬಿದ್ದರೆ ತಂತಿ ಹಿಡಿದು ಇನ್ನೊಂದು ಮೂಲೆಗೆ ಹೋಗಬಹುದು. ಒಣದ್ರಾಕ್ಷಿ ಶೆಡ್ಡಿಗೆ ಮೇಲೆ ತಗಡು, ನಾಲ್ಕೂ ಕಡೆ ಬಯಲು. ಗುಡುಗು ಶುರುವಾದಾಗ "ಏ, ತಾಡಪತ್ರಿ ಎಳೀರಿ, ಮಾಲ್ ಕರ್ರಗ ಆಗ್ತೈತಿ" ಎಂದು ಆಳುಗಳನ್ನು ಓಡಿಸುತ್ತೇವೆ. ಮಾಲು ಕೆಟ್ಟರೆ ವರ್ಷದ ದುಡಿಮೆ ಹೋಗುತ್ತದೆ, ಆ ಸಂಕಟ ನನಗೆ ಗೊತ್ತು. ಆದರೆ ಕೂಲಿಗೆ ಬಂದ ಹೆಣ್ಣುಮಗಳು ಮಾಲೀಕ ಹೇಳದೆ ಹೊಲ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಹೊರಡಿ ಎನ್ನುವ ಮಾತು ಮಾಲೀಕನ ಬಾಯಿಂದಲೇ ಬರಬೇಕು. ತಾಡಪತ್ರಿಯನ್ನು ಮಧ್ಯಾಹ್ನ ಊಟಕ್ಕೆ ಮೊದಲೇ ಎಳೆಸಿಬಿಡಿ. ಮಿಂಚು ಎಷ್ಟು ದೂರದಲ್ಲಿದೆ ಎಂದು ತೋರಿಸುವ 'ದಾಮಿನಿ' ಆ್ಯಪ್ ಇದೆ, ಪುಣೆಯ ಕೇಂದ್ರ ಸರ್ಕಾರದ ಹವಾಮಾನ ಸಂಸ್ಥೆಯದು. ಅಲ್ಲಿ ಹಿಂದೆ ನಿಂತಿರುವ ಹುಡುಗರು ಇವತ್ತೇ ಅಪ್ಪಂದಿರ ಫೋನಿಗೆ ಹಾಕಿಕೊಡಿ.

ಗಾಳಿಯ ವಿಷಯ. ಮೋಡದ ತಣ್ಣನೆಯ ಗಾಳಿ ಒಮ್ಮೆಲೇ ಕೆಳಗೆ ಬಿದ್ದು ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಮಳೆಗೆ ಮುಂಚೆ ಬರುವ ಧೂಳಿನ ಗೋಡೆ ಅದೇ. ನಮ್ಮ ಕಡೆ ತಗಡು ಹಾರಬಾರದೆಂದು ಮೇಲೆ ಕಲ್ಲು ಹೇರುತ್ತೇವೆ. ಗಾಳಿಗೆ ತಗಡು ಎದ್ದಾಗ ಮೊದಲು ಬೀಳುವುದು ಆ ಕಲ್ಲು, ಕೆಳಗೆ ಮಲಗಿದ ಮಗುವಿನ ಮೇಲೆ. ಕಲ್ಲು ಇಳಿಸಿ, ತಗಡನ್ನು ಕಬ್ಬಿಣದ ಪೈಪಿಗೆ ಬೋಲ್ಟ್ ಹಾಕಿ ಬಿಗಿಸಿ. ಗಾಳಿ ನಿಂತ ಮೇಲೆ ಹರಿದು ಬಿದ್ದ ಕರೆಂಟ್ ತಂತಿ ಕಂಡರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ. "ಲೈನ್ ಬಂದ್ ಐತಿ" ಎಂದು ನಂಬಬೇಡಿ.

ಬಿಸಿಲಿನ ಮಾತು ಕೊನೆಗೆ ಎಂದೆನಲ್ಲ. ವಿಜಯಪುರ ಕೋಟೆಯ ಮಲಿಕ್-ಎ-ಮೈದಾನ್ ತೋಪು, ಅದೇ ಹಳೆಯ ಫಿರಂಗಿ, ಎಂಥ ಬಿಸಿಲಲ್ಲೂ ತಣ್ಣಗಿರುತ್ತದೆ ಎಂದು ಗೈಡ್‌ಗಳು ಹೇಳುತ್ತಾರೆ. ನಮ್ಮ ಮೈ ತೋಪಲ್ಲ. ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ ಬಿಸಿಗಾಳಿ ಎಂದು ಸಾರಬೇಕಾದರೆ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು. ಇಲ್ಲವೇ 45 ಮುಟ್ಟಬೇಕು. ನಮ್ಮಲ್ಲಿ ಮೇ ತಿಂಗಳ ವಾಡಿಕೆಯೇ 40ರ ಹತ್ತಿರ. ಹಾಗಾಗಿ 42 ಆದರೂ ಎಚ್ಚರಿಕೆ ಬಾರದಿರಬಹುದು. ಮೈಗೆ ಈ ವಾಡಿಕೆಯ ಲೆಕ್ಕ ಗೊತ್ತಿಲ್ಲ. ಮಜ್ಜಿಗೆ, ಅಂಬಲಿ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಆದರೆ ಬಿಸಿಲಲ್ಲಿ ದುಡಿಯುತ್ತಿದ್ದವನು ತೊದಲಿದರೆ, ಏನೇನೋ ಮಾತಾಡಿದರೆ, ಮೈ ಕೆಂಡವಾಗಿದ್ದರೆ ಅದು ಸುಸ್ತಲ್ಲ. 108ಕ್ಕೆ ಕರೆ ಮಾಡಿ, ನೆರಳಿಗೆ ಎಳೆದು, ಕೊಡಗಟ್ಟಲೆ ನೀರು ಸುರಿದು ಗಾಳಿ ಬೀಸಿ. ಜ್ವರದ ಗುಳಿಗೆ ಇದಕ್ಕೆ ನಾಟುವುದಿಲ್ಲ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡಿ.

ಸಿಡಿಲು ಬಡಿದವರನ್ನು ಮುಟ್ಟಲು ಜನ ಹೆದರುತ್ತಾರೆ. ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಎಷ್ಟೋ ಸಲ ಹೃದಯ ಮಾತ್ರ ನಿಂತಿರುತ್ತದೆ, ಅದನ್ನು ಮತ್ತೆ ನಡೆಸಲು ಸಾಧ್ಯವಿದೆ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಎರಡು ಇಂಚು ಆಳ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರುವವರೆಗೆ ಬಿಡದೆ ಒತ್ತಬೇಕು. ಹೇಳಿದರೆ ಬರುವುದಿಲ್ಲ, ಮಾಡಿಯೇ ಕಲಿಯಬೇಕು. ಮೂಲೆಯಲ್ಲಿರುವ ಆ ಜೋಳದ ಚೀಲ ಇಲ್ಲಿ ತನ್ನಿ. ಮೊದಲು ಇಬ್ಬರು ಅಕ್ಕಂದಿರು ಬನ್ನಿ, ಆಮೇಲೆ ಬಾಗಿಲ ಹತ್ತಿರದ ಹುಡುಗರು.